ಭುಜದ ‘ನರ’ ಹರಿದಿದೆ ಎಂದಾಗ: ಅರವತ್ತು ದಾಟಿದವರಿಗೆ ಹೊಲಿಗೆ ಯಾವಾಗ, ವ್ಯಾಯಾಮ ಯಾವಾಗ

ಎಂಆರ್‌ಐ ರಿಪೋರ್ಟಿನ ಕೊನೆಯಲ್ಲಿ ‘ಸುಪ್ರಾಸ್ಪೈನೇಟಸ್ ಟೆಂಡನ್, ಫುಲ್ ಥಿಕ್‌ನೆಸ್ ಟೇರ್’ (ಭುಜದ ಮೇಲಿನ ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್ ಪೂರ್ತಿ ದಪ್ಪಕ್ಕೆ ಹರಿದಿದೆ) ಎಂದು ಒಂದು ಸಾಲು ಬಂದರೆ ಸಾಕು, ಮನೆಯಲ್ಲಿ ಎರಡು ಪಕ್ಷವಾಗುತ್ತದೆ. ಬೆಂಗಳೂರಿನಿಂದ ಮಗ ಫೋನಿನಲ್ಲಿ ‘ತಡ ಮಾಡೋದು ಬೇಡ ಅಪ್ಪಯ್ಯ, ಆಪರೇಷನ್ ಮಾಡಿಸಿಬಿಡೋಣ’ ಅನ್ನುತ್ತಾನೆ. ‘ಎಪ್ಪತ್ತು ವರ್ಷಕ್ಕೆ ಎಂಥ ಆಪರೇಷನ್ನು ಮಾರಾಯ, ಎಣ್ಣೆ ಹಚ್ಚಿ ಬಿಸಿನೀರು ಹೊಯ್ಕಂಡ್ರೆ ಹೋಗ್ತದೆ’ ಎಂದು ಅಪ್ಪಯ್ಯನ ಉತ್ತರ. ಇಬ್ಬರಲ್ಲಿ ಯಾರು ಸರಿ ಎಂಬುದನ್ನು ಆ ಸಾಲು ಹೇಳುವುದಿಲ್ಲ. ಅದನ್ನು ಹೇಳುವುದು ಬೇರೆಯೇ ಒಂದು ಪ್ರಶ್ನೆ: ಬಿದ್ದ ಪೆಟ್ಟಿಗೆ ಟೆಂಡನ್ ಹರಿಯಿತೋ, ಸವೆದು ಹರಿಯಿತೋ?

ಮಲೆನಾಡಿನಲ್ಲಿ ಎರಡೂ ಧಾರಾಳ. ಆಷಾಢದ ಮಳೆಯಲ್ಲಿ ಪಾಚಿ ಕಟ್ಟಿದ ಅಂಗಳದಲ್ಲೋ ಕಾಲುಸಂಕದ ಮೇಲೋ ಜಾರಿ, ಕೈಯೂರಿ ಬಿದ್ದು ಹರಿದುಕೊಂಡವರು ಒಂದು ಕಡೆ. ನಲವತ್ತು ವರ್ಷ ಸೊಪ್ಪು ಕಡಿದು, ಬಾವಿಯಿಂದ ನೀರು ಸೇದಿ, ಔಷಧಿ ಹೊಡೆಯುವ ಪೈಪು ಎತ್ತಿ ಹಿಡಿದು, ದೋಟಿ ಆಡಿಸಿ, ಯಾವ ಪೆಟ್ಟೂ ಇಲ್ಲದೆ ಒಂದು ದಿನ ತೋಳು ಎತ್ತಲಾಗದೆ ಕುಳಿತವರು ಇನ್ನೊಂದು ಕಡೆ. ಮೊದಲಿನವರು ಬೇಗ ತಜ್ಞರ ಬಳಿ ಹೋಗಬೇಕು, ಎರಡನೆಯವರಿಗೆ ಅವಸರವಿಲ್ಲ. ನಡೆಯುತ್ತಿರುವುದು ಮಾತ್ರ ತಿರುಗುಮುರುಗು. ಬಿದ್ದವರು ‘ಮೂಳೆ ಮುರಿದಿಲ್ಲವಲ್ಲ’ ಎಂದು ಮಳೆಗಾಲ ಮುಗಿಯುವವರೆಗೆ ಮನೆಯಲ್ಲೇ ಉಳಿಯುತ್ತಾರೆ. ಸವೆದವರು ರಿಪೋರ್ಟು ನೋಡಿ ಗಾಬರಿಯಾಗಿ ಆಪರೇಷನ್ನಿನ ತಾರೀಖು ಕೇಳುತ್ತಾರೆ. ಈಗ ಶಿವಮೊಗ್ಗದಲ್ಲೇ ಎಂಆರ್‌ಐ ಆಗುತ್ತದೆ, ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಆರ್ತ್ರೋಸ್ಕೋಪಿ ಮಾಡುವ ಮೂಳೆತಜ್ಞರೂ ಸಿಗುತ್ತಾರೆ. ಅನುಕೂಲ ಹತ್ತಿರ ಬಂದಿರುವುದರಿಂದಲೇ ಈ ಎರಡನ್ನೂ ಬೇರೆ ಮಾಡಿ ನೋಡುವ ಅಗತ್ಯ ಹೆಚ್ಚಿದೆ.

ಹರಿಯುವುದು ಯಾವುದು

ಜನ ‘ಭುಜದ ನರ ಹರಿದಿದೆ’ ಅನ್ನುತ್ತಾರೆ. ಹರಿದದ್ದು ನರವಲ್ಲ, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್. ಬೆನ್ನಿನ ರೆಕ್ಕೆಮೂಳೆಯಿಂದ ಹೊರಟ ನಾಲ್ಕು ಸ್ನಾಯುಗಳ ಟೆಂಡನ್‌ಗಳು ತೋಳಿನ ಮೂಳೆಯ ದುಂಡುತಲೆಯನ್ನು ಮುಂದಿನಿಂದ, ಮೇಲಿನಿಂದ, ಹಿಂದಿನಿಂದ ತಬ್ಬಿ ಹಿಡಿದಿರುತ್ತವೆ. ಇದಕ್ಕೆ ರೊಟೇಟರ್ ಕಫ್ ಎಂದು ಹೆಸರು. ಮೇಲಿನದು ಸುಪ್ರಾಸ್ಪೈನೇಟಸ್, ಹಿಂದಿನವು ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್, ಮುಂದಿನದು ಸಬ್‌ಸ್ಕ್ಯಾಪುಲಾರಿಸ್.

ಭುಜದ ಕುಳಿ ಬಹಳ ಆಳವಿಲ್ಲ. ತಟ್ಟೆಯ ಮೇಲೆ ಚೆಂಡು ಇಟ್ಟ ಹಾಗೆ. ತೋಳು ಎತ್ತುವಾಗ ಹೊರಗಿನ ದೊಡ್ಡ ಡೆಲ್ಟಾಯ್ಡ್ ಸ್ನಾಯು ಚೆಂಡನ್ನು ಮೇಲಕ್ಕೆ ಎಳೆಯುತ್ತದೆ, ಈ ನಾಲ್ಕು ಟೆಂಡನ್‌ಗಳು ಅದು ತಟ್ಟೆಯಿಂದ ಜಾರದಂತೆ ಒತ್ತಿ ಹಿಡಿಯುತ್ತವೆ. ಮುಂದಿನ ಹಿಡಿತ, ಹಿಂದಿನ ಹಿಡಿತ ಸಮವಾಗಿದ್ದರೆ ಮೇಲೆ ಒಂದು ತೂತು ಬಿದ್ದಿದ್ದರೂ ತೋಳು ಏಳುತ್ತದೆ. ಹರಿದ ಟೆಂಡನ್ ಇಟ್ಟುಕೊಂಡೇ ಎಷ್ಟೋ ಮಂದಿ ತೋಟದ ಕೆಲಸ ಮಾಡಿಕೊಂಡಿರುವುದು ಇದರಿಂದಲೇ. ಹರಿತ, ಅಂದರೆ ಹರಿದ ಜಾಗ, ಹಿಂದಕ್ಕೋ ಮುಂದಕ್ಕೋ ಹರಡಿ ಆ ಸಮತೋಲ ಕೆಟ್ಟಾಗ ಡೆಲ್ಟಾಯ್ಡ್ ಎಳೆದರೂ ತೋಳು ಏಳುವುದಿಲ್ಲ. ಚೆಂಡು ಮೇಲಕ್ಕೆ ಜಾರಿ ಮೇಲಿನ ಮೂಳೆಗೆ ಬಡಿಯುತ್ತದೆ.

ಅಳತೆಯ ಲೆಕ್ಕವೂ ಇದೆ. ಹರಿತ 1 ಸೆಂ.ಮೀ. ಒಳಗಿದ್ದರೆ ಸಣ್ಣದು, 1ರಿಂದ 3 ಮಧ್ಯಮ, 3ರಿಂದ 5 ದೊಡ್ಡದು, 5 ಮೀರಿದರೆ ಬೃಹತ್ತು. ಆದರೆ ನೋವು ಈ ಅಳತೆಯನ್ನು ಕೇಳುವುದಿಲ್ಲ. ಸಣ್ಣ ಹರಿತ ರಾತ್ರಿಯಿಡೀ ಎಚ್ಚರವಿರಿಸಬಹುದು, ದೊಡ್ಡದು ಸುಮ್ಮನಿರಬಹುದು.

ಜಪಾನಿನ ಒಂದು ಹಳ್ಳಿಯಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಒಳ್ಳೆಯ ಸಾಕ್ಷಿ. 664 ಜನ ಹಳ್ಳಿಗರ ಭುಜವನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿದಾಗ ಶೇ. 22ರಷ್ಟು ಜನರಲ್ಲಿ ಪೂರ್ತಿ ದಪ್ಪದ ಹರಿತ ಸಿಕ್ಕಿತು. ಅವರಲ್ಲಿ ಮೂವರಲ್ಲಿ ಇಬ್ಬರಿಗೆ ಯಾವ ತೊಂದರೆಯೂ ಇರಲಿಲ್ಲ. ನಲವತ್ತರ ಹರೆಯದವರವರೆಗೆ ಒಂದೂ ಇಲ್ಲ, ಎಪ್ಪತ್ತರವರಲ್ಲಿ ನಾಲ್ವರಿಗೊಬ್ಬರು, ಎಂಬತ್ತು ದಾಟಿದವರಲ್ಲಿ ಮೂವರಿಗೊಬ್ಬರಿಗಿಂತ ತುಸು ಹೆಚ್ಚು. ಕೂದಲು ನರೆತಂತೆ ಟೆಂಡನ್ನೂ ಸವೆಯುತ್ತದೆ. ಅರವತ್ತೆಂಟರ ಅಮ್ಮನ ಭುಜದಲ್ಲಿ ಹರಿತ ಕಂಡಿತು ಎಂದ ಮಾತ್ರಕ್ಕೆ ಅವರ ನೋವಿಗೆ ಅದೇ ಕಾರಣ ಎಂದಾಗಲಿಲ್ಲ. ಹೋದ ವರ್ಷ ನೋವಿಲ್ಲದಾಗ ತೆಗೆಸಿದ್ದರೂ ಅದು ಅಲ್ಲೇ ಕಾಣುತ್ತಿತ್ತೇನೋ.

ರಿಪೋರ್ಟಿಗೆ ಮೊದಲು ಕೈಯಿಂದ ನೋಡಬೇಕಾದ್ದು

ಸವೆದ ಟೆಂಡನ್ನಿನ ನೋವು ಭುಜದ ತುದಿಗಿಂತ ರಟ್ಟೆಯ ಹೊರಮೈಯಲ್ಲಿ, ರವಿಕೆಯ ತೋಳು ಮುಗಿಯುವ ಜಾಗದಲ್ಲಿ ಇರುತ್ತದೆ. ಆ ಮಗ್ಗುಲಿಗೆ ಮಲಗಲಾಗುವುದಿಲ್ಲ. ತೋಳನ್ನು ಪಕ್ಕಕ್ಕೆ ಎತ್ತುವಾಗ ಸುಮಾರು 60 ಡಿಗ್ರಿಯಿಂದ 120ರವರೆಗೆ ಹಿಡಿದು, ಆಚೆಗೆ ಹೋದರೆ ಕಡಿಮೆಯಾಗುತ್ತದೆ. ಬಟ್ಟೆ ಒಣಹಾಕುವ ತಂತಿ, ನಾಗಂದಿಗೆಯ ಡಬ್ಬ, ಹಿಂದೆ ಕೈ ಹಾಕಿ ಜಡೆ ಹೆಣೆಯುವುದು, ಎಲ್ಲೆಲ್ಲಿ ಕೈ ನಿಲ್ಲುತ್ತದೆ ಎಂದು ವೈದ್ಯರು ಕೇಳಿದರೆ ಅರ್ಧ ರೋಗನಿರ್ಣಯ ಆದಂತೆ.

ಮೂರು ಪರೀಕ್ಷೆಗಳನ್ನು ಮನೆಯವರೂ ಗಮನಿಸಬಹುದು. ಕುರ್ಚಿಯಲ್ಲಿ ಕೂರಿಸಿ, ಮೊಣಕೈಯನ್ನು ಪಕ್ಕೆಗೆ ತಾಗಿಸಿ ಮಡಚಿ, ಮುಂಗೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಿ ‘ಹೀಗೇ ಹಿಡ್ಕಳಿ’ ಎಂದು ಬಿಡಬೇಕು. ಬಿಟ್ಟ ಕೂಡಲೇ ಮುಂಗೈ ಹೊಟ್ಟೆಯ ಕಡೆಗೆ ತಾನಾಗಿ ವಾಪಸಾದರೆ ಹಿಂಭಾಗದ ಟೆಂಡನ್ನಿಗೆ ದೊಡ್ಡ ಏಟಾಗಿದೆ ಎಂದರ್ಥ. ತೋಳನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತಿಸಿ ನಿಧಾನ ಇಳಿಸಲು ಹೇಳಿದಾಗ ನಡುವೆ ಪಟ್ಟನೆ ಬಿದ್ದರೆ ಮೇಲಿನದು ಹೋಗಿದೆ. ಅಂಗೈಯನ್ನು ಹೊಟ್ಟೆಗೆ ಒತ್ತಿ ಹಿಡಿಯುವಾಗ ಮೊಣಕೈ ಮುಂದೆ ನಿಲ್ಲದೆ ಹಿಂದಕ್ಕೆ ಜಾರಿದರೆ ಮುಂಭಾಗದ್ದು.

ಇಲ್ಲಿ ಒಂದು ಗೊಂದಲ ಪದೇ ಪದೇ ಆಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ‘ಫ್ರೋಜನ್ ಶೋಲ್ಡರ್’ ಅಂದರೆ ಭುಜದ ಚೀಲವೇ ಬಿಗಿದುಕೊಳ್ಳುವುದು ಸಾಮಾನ್ಯ. ಅದರಲ್ಲಿ ಬೇರೆಯವರು ಹಿಡಿದು ತಿರುಗಿಸಿದರೂ ಮುಂಗೈ ಹೊರಕ್ಕೆ ಬರುವುದಿಲ್ಲ. ಟೆಂಡನ್ ಹರಿದವರಲ್ಲಿ ಬೇರೆಯವರು ಎತ್ತಿದರೆ ತೋಳು ಏಳುತ್ತದೆ, ತಾವೇ ಎತ್ತಲು ಹೋದರೆ ಏಳುವುದಿಲ್ಲ. ಈ ಒಂದು ವ್ಯತ್ಯಾಸ ಬಿಟ್ಟುಹೋದರೆ ಬಿಗಿದ ಭುಜಕ್ಕೆ ಹರಿತದ ಚಿಕಿತ್ಸೆ ಆಗಿಬಿಡುತ್ತದೆ. ನೋವು ಮೊಣಕೈ ದಾಟಿ ಬೆರಳಿನವರೆಗೆ ಜೋಮಾಗಿ ಇಳಿದರೆ ಮೂಲ ಕುತ್ತಿಗೆಯಲ್ಲಿರಬಹುದು. ನಡೆದಾಗ, ಗುಡ್ಡ ಹತ್ತುವಾಗ ಎಡಭುಜ ಹಿಂಡಿ ಬೆವರು ಬರುವುದಾದರೆ ಮೂಳೆತಜ್ಞರಲ್ಲ, ಹೃದಯದ ತಜ್ಞರು, ಅದೂ ಅವತ್ತೇ.

ಚಿತ್ರಗಳಲ್ಲಿ ಮೊದಲನೆಯದು ಎಕ್ಸ್‌ರೇ. ಎಂಆರ್‌ಐ ಇದ್ದ ಮೇಲೆ ಅದೇಕೆ ಎಂದು ಬಿಡಬಾರದು. ತೋಳಿನ ಚೆಂಡಿಗೂ ಮೇಲಿನ ಮೂಳೆಗೂ ನಡುವಿನ ಸಂದು 7 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಹರಿತ ದೊಡ್ಡದು, ಹಳೆಯದು ಎಂದು ಎಕ್ಸ್‌ರೇ ಒಂದೇ ಹೇಳಿಬಿಡುತ್ತದೆ. ಪೂರ್ತಿ ದಪ್ಪದ ಹರಿತ ಹಿಡಿಯಲು ಪಳಗಿದ ಕೈಯ ಅಲ್ಟ್ರಾಸೌಂಡ್ ಎಂಆರ್‌ಐಗೆ ಸರಿಸಮ, ಖರ್ಚು ಬಹಳ ಕಡಿಮೆ. ಪೇಸ್‌ಮೇಕರ್ ಇದ್ದವರಿಗೂ ತೊಡಕಿಲ್ಲ. ಶಸ್ತ್ರಚಿಕಿತ್ಸೆಯ ಯೋಚನೆ ಬಂದಾಗ ಎಂಆರ್‌ಐ ಬೇಕೇ ಬೇಕು. ಅಲ್ಲಿ ನೋಡಬೇಕಾದ್ದು ಹರಿತವನ್ನಷ್ಟೇ ಅಲ್ಲ, ಸ್ನಾಯುವನ್ನು. ಕೆಲಸವಿಲ್ಲದೆ ಕುಳಿತ ಸ್ನಾಯುವಿನೊಳಗೆ ಕೊಬ್ಬು ತುಂಬಿಕೊಳ್ಳುತ್ತದೆ. ಗುಟಾಲಿಯೇ ಎಂಬ ಫ್ರೆಂಚ್ ವೈದ್ಯರ ಹೆಸರಿನಲ್ಲಿ 0ಯಿಂದ 4ರವರೆಗೆ ಇದಕ್ಕೆ ದರ್ಜೆ ಇದೆ. 3 ಎಂದರೆ ಕೊಬ್ಬು, ಸ್ನಾಯು ಸಮಸಮ. 4 ಎಂದರೆ ಕೊಬ್ಬೇ ಹೆಚ್ಚು. 3 ಮುಟ್ಟಿದ ಸ್ನಾಯುವನ್ನು ಮೂಳೆಗೆ ಹೊಲಿದರೂ ಅದು ಮೊದಲಿನಂತೆ ಎಳೆಯುವುದಿಲ್ಲ, ಆ ಕೊಬ್ಬು ಹಿಂದೆ ಸರಿಯುವುದೂ ಇಲ್ಲ. ರಿಪೋರ್ಟು ಕೈಗೆ ಬಂದಾಗ ‘ಎಷ್ಟು ಸೆಂಟಿಮೀಟರ್’ ಎಂಬುದರ ಜೊತೆಗೆ ‘ಸ್ನಾಯು ಹೇಗಿದೆ, ಕೊಬ್ಬಿನ ದರ್ಜೆ ಎಷ್ಟು’ ಎಂದು ಕೇಳುವುದು ಬಹಳ ಮುಖ್ಯ.

ಬಿದ್ದು ಹರಿದದ್ದಕ್ಕೆ ಕಾಲಮಿತಿ ಇದೆ

ಬೀಳುವ ಹಿಂದಿನ ದಿನದವರೆಗೆ ಕೈ ಚೆನ್ನಾಗಿತ್ತು, ಬಿದ್ದ ಮೇಲೆ ಎತ್ತಲಾಗುತ್ತಿಲ್ಲ, ಎಕ್ಸ್‌ರೇಯಲ್ಲಿ ಮುರಿತವಿಲ್ಲ. ತಾಲ್ಲೂಕು ಆಸ್ಪತ್ರೆಯಿಂದ ನೋವಿನ ಮಾತ್ರೆ, ಕೈಗೆ ಸ್ಲಿಂಗ್ ಕೊಟ್ಟು ಕಳಿಸುತ್ತಾರೆ. ಅದು ಸರಿಯಾದ ಮೊದಲ ಹೆಜ್ಜೆಯೇ. ಮೊದಲ ಒಂದೆರಡು ವಾರ ನೋವು, ಬಾವಿನಿಂದಲೇ ಕೈ ಏಳದಿರಬಹುದು. ತಪ್ಪಾಗುವುದು ಅದರ ನಂತರ. ಎರಡು ವಾರಕ್ಕೆ ಮತ್ತೆ ತೋರಿಸಬೇಕು. ನೋವು ಇಳಿದಿದ್ದರೂ ತೋಳು ಭುಜದ ಮಟ್ಟಕ್ಕೆ ಏಳದಿದ್ದರೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಆಗಲೇಬೇಕು.

ಹೊಸದಾಗಿ ಹರಿದ ಟೆಂಡನ್ ಇನ್ನೂ ಮೆತ್ತಗಿದ್ದು, ಎಳೆದರೆ ಮೂಳೆಯವರೆಗೆ ಬರುತ್ತದೆ. ತಿಂಗಳುಗಳು ಕಳೆದಂತೆ ಅದು ಒಳಕ್ಕೆ ಸೇದಿಕೊಳ್ಳುತ್ತದೆ, ಸುತ್ತಲಿನ ಅಂಗಾಂಶಕ್ಕೆ ಅಂಟುತ್ತದೆ, ಸ್ನಾಯು ಸೊರಗುತ್ತದೆ. ಹೊಲಿಯುವುದಿದ್ದರೆ ಬಿದ್ದ ಮೊದಲ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಮೂರು ನಾಲ್ಕು ತಿಂಗಳೊಳಗೆ ಆಗಬೇಕು. ಜೂನಿನಲ್ಲಿ ಬಿದ್ದವರು ದೀಪಾವಳಿ ಕಳೆದು ಬಂದರೆ ಆ ಅವಕಾಶ ಬಹುಪಾಲು ಹೋಗಿರುತ್ತದೆ. ಆಗುಂಬೆ, ಹೊಸನಗರದ ಕಡೆಯ ಮಳೆಯಲ್ಲಿ ಶಿವಮೊಗ್ಗಕ್ಕೋ ಘಟ್ಟ ಇಳಿದು ಮಣಿಪಾಲಕ್ಕೋ ಹೋಗಿಬರುವುದು ಸುಲಭದ ಮಾತಲ್ಲ, ನಿಜ. ಆದರೂ ಈ ಒಂದು ಪ್ರಯಾಣವನ್ನು ಮುಂದೂಡಬಾರದು.

ಭುಜದ ಕೀಲು ತಪ್ಪಿದ್ದವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯ. ಹದಿಹರೆಯದವರಲ್ಲಿ ಕೀಲು ತಪ್ಪಿದರೆ ಅದು ಮತ್ತೆ ಮತ್ತೆ ತಪ್ಪುವ ಭಯ. ಅರವತ್ತು ದಾಟಿದವರಲ್ಲಿ ಅದರ ಜೊತೆಗೇ ಟೆಂಡನ್ ಹರಿದಿರುವ ಭಯ. ಕೀಲು ಕೂರಿಸಿದ ಮೇಲೂ ಕೈ ಏಳದಿದ್ದರೆ ಟೆಂಡನ್ ನೋಡಬೇಕು. ಭುಜದ ಹೊರಮೈಯಲ್ಲಿ ಅಂಗೈ ಅಗಲ ಮರಗಟ್ಟಿದ್ದರೆ ಆಕ್ಸಿಲರಿ ಎಂಬ ನರಕ್ಕೂ ಏಟು ಬಿದ್ದಿರಬಹುದು. ಇಂಥ ಭುಜವನ್ನು ಉಳುಕು ತೆಗೆಯುತ್ತೇವೆ ಎಂದು ಜಗ್ಗಿಸುವುದು, ಬಲವಾಗಿ ತಿಕ್ಕಿಸುವುದು ಬೇಡವೇ ಬೇಡ. ಹಗುರ ಕೈಯ ಎಣ್ಣೆ, ಬಿಸಿನೀರಿನ ಶಾಖ ಸವೆದ ಭುಜಕ್ಕೆ ಹಿತ. ಹರಿದ ಟೆಂಡನ್ನನ್ನು ಅದು ಕೂಡಿಸುವುದಿಲ್ಲ, ಕೆಡಿಸುವುದೂ ಇಲ್ಲ. ಜಗ್ಗುವುದು ಕೆಡಿಸುತ್ತದೆ.

ಸವೆದು ಹರಿದದ್ದಕ್ಕೆ ಹನ್ನೆರಡು ವಾರ

ಪೆಟ್ಟಿಲ್ಲದೆ ಹರಿದ ಟೆಂಡನ್ನಿಗೆ ಮೊದಲ ಚಿಕಿತ್ಸೆ ವ್ಯಾಯಾಮ. ಇದು ಬಡವರ ಚಿಕಿತ್ಸೆಯೂ ಅಲ್ಲ, ಆಪರೇಷನ್ನಿಗೆ ಕಾಯುವಾಗಿನ ಕಾಲಹರಣವೂ ಅಲ್ಲ. ಫಿನ್ಲೆಂಡಿನಲ್ಲಿ 55 ದಾಟಿದವರ 180 ಭುಜಗಳನ್ನು ಮೂರು ಗುಂಪು ಮಾಡಿ ನೋಡಿದರು: ವ್ಯಾಯಾಮ ಮಾತ್ರ, ಮೇಲಿನ ಮೂಳೆ ಕೆರೆದು ವ್ಯಾಯಾಮ, ಮೂಳೆ ಕೆರೆದು ಟೆಂಡನ್ನನ್ನೂ ಹೊಲಿದು ವ್ಯಾಯಾಮ. ಒಂದು ವರ್ಷಕ್ಕೂ ಎರಡು ವರ್ಷಕ್ಕೂ ಮೂರರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೆಟ್ಟಿಲ್ಲದ ಪೂರ್ತಿ ಹರಿತಕ್ಕೆ ವ್ಯಾಯಾಮ ಶುರುಮಾಡಿದವರಲ್ಲಿ ಎರಡು ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದವರು ನಾಲ್ಕರಲ್ಲಿ ಒಬ್ಬರಿಗಿಂತ ಕಡಿಮೆ. ಹೋದವರಲ್ಲೂ ಹೆಚ್ಚಿನವರು ಮೊದಲ ಹನ್ನೆರಡು ವಾರದಲ್ಲೇ ಹೋದರು. ಅಂದರೆ ಹನ್ನೆರಡು ವಾರ ಪ್ರಾಮಾಣಿಕವಾಗಿ ಮಾಡಿದರೆ ಯಾವ ದಾರಿ ಎಂದು ಭುಜವೇ ಹೇಳುತ್ತದೆ.

ಇನ್ನೊಂದು ಬದಿಯನ್ನೂ ಹೇಳಬೇಕು. ನಾರ್ವೆಯಲ್ಲಿ ಸಣ್ಣ ಮತ್ತು ಮಧ್ಯಮ ಹರಿತದ 103 ಜನರನ್ನು ಹತ್ತು ವರ್ಷ ಹಿಂಬಾಲಿಸಿದಾಗ ಹೊಲಿಸಿಕೊಂಡವರು ವ್ಯಾಯಾಮದವರಿಗಿಂತ ಸ್ವಲ್ಪ ಮುಂದಿದ್ದರು. ವ್ಯಾಯಾಮದಿಂದ ಟೆಂಡನ್ ಕೂಡಿಕೊಳ್ಳುವುದಿಲ್ಲ. ಉಳಿದ ಸ್ನಾಯುಗಳು ಹರಿದದ್ದರ ಕೆಲಸವನ್ನೂ ಮಾಡಲು ಕಲಿಯುತ್ತವೆ ಅಷ್ಟೇ. ಕೆಲವರಲ್ಲಿ ಹರಿತ ವರ್ಷಗಳಲ್ಲಿ ಹಿಗ್ಗುತ್ತದೆ. ಅರವತ್ತರ ಆಸುಪಾಸಿನ, ಇನ್ನೂ ಹತ್ತು ವರ್ಷ ಮೈಮುರಿದು ದುಡಿಯಬೇಕಾದವರಿಗೂ ಎಂಬತ್ತರ ಅಜ್ಜಿಗೂ ತೂಕದ ತಕ್ಕಡಿ ಒಂದೇ ಅಲ್ಲ.

ಈಗ ವ್ಯಾಯಾಮ. ಫಿಸಿಯೋಥೆರಪಿ ಎಂದರೆ ಕರೆಂಟು, ಶಾಖ ಕೊಡಿಸಿಕೊಂಡು ಬರುವುದು ಎಂಬ ಭಾವನೆ ನಮ್ಮಲ್ಲಿದೆ. ಹತ್ತು ದಿನ ಬಸ್ಸಿನಲ್ಲಿ ಹೋಗಿ ಯಂತ್ರದ ಕೆಳಗೆ ಮಲಗಿ ಬಂದು ‘ಫಿಸಿಯೋ ಮಾಡಿಸಿದ್ವಿ, ಗುಣ ಆಗ್ಲಿಲ್ಲ’ ಅನ್ನುವವರೇ ಹೆಚ್ಚು. ಅದು ಚಿಕಿತ್ಸೆಯ ಅಂಚು ಮಾತ್ರ. ತಿರುಳು ಇರುವುದು ಮನೆಯಲ್ಲಿ ದಿನವೂ ಮಾಡುವ ಕಸರತ್ತಿನಲ್ಲಿ. ಸಾಗರದಿಂದಲೋ ತೀರ್ಥಹಳ್ಳಿಯಿಂದಲೋ ಫಿಸಿಯೋಥೆರಪಿಸ್ಟರ ಬಳಿಗೆ ವಾರಕ್ಕೊಮ್ಮೆ, ಆಮೇಲೆ ಎರಡು ವಾರಕ್ಕೊಮ್ಮೆ ಹೋಗಿ ಕಲಿತು, ಉಳಿದದ್ದನ್ನು ಜಗುಲಿಯಲ್ಲೇ ಮಾಡಬಹುದು.

ಮೊದಲ ಎರಡು ವಾರದ ಗುರಿ ನೋವು ಇಳಿಸುವುದು, ಬಿಗಿ ಬಿಡಿಸುವುದು. ಒಳ್ಳೆಯ ಕೈಯನ್ನು ಮೇಜಿಗೆ ಊರಿ ಬಾಗಿ, ನೋವಿನ ಕೈಯನ್ನು ಇಳಿಬಿಟ್ಟು, ಮೈಯನ್ನು ತೂಗಿ ಕೈ ತಾನಾಗಿ ಆಡುವಂತೆ ಒಂದೆರಡು ನಿಮಿಷ, ದಿನಕ್ಕೆ ಮೂರು ಸಲ. ಮೇಜಿನ ಮೇಲೆ ಟವೆಲ್ಲು ಹಾಕಿ ಅದರ ಮೇಲೆ ಕೈಯಿಟ್ಟು ಮುಂದಕ್ಕೆ ಜಾರಿಸುವುದು ಹತ್ತು ಹದಿನೈದು ಸಲ. ಅಂಗಾತ ಮಲಗಿ ಎರಡೂ ಕೈಯಲ್ಲಿ ಊರುಗೋಲು ಹಿಡಿದು, ಒಳ್ಳೆಯ ಕೈಯ ಬಲದಿಂದ ತಲೆಯ ಕಡೆಗೆ ಎತ್ತುವುದು ಹತ್ತು ಸಲ. ರಾತ್ರಿ ಆ ಮಗ್ಗುಲು ಬಿಟ್ಟು, ರಟ್ಟೆಯ ಕೆಳಗೆ ಒಂದು ದಿಂಬು ಕೊಟ್ಟು, ತುಸು ಒರಗಿ ಮಲಗಿದರೆ ನಿದ್ದೆ ಹತ್ತುತ್ತದೆ.

ಮೂರನೆಯ ವಾರದಿಂದ ಬಲ ತುಂಬುವುದು. ಎರಡು ರೆಕ್ಕೆಮೂಳೆಗಳನ್ನು ಹಿಂದೆ ಒಂದಕ್ಕೊಂದು ತರುವಂತೆ ಐದು ಸೆಕೆಂಡು ಬಿಗಿಹಿಡಿದು ಬಿಡುವುದು, ಹತ್ತು ಸಲ. ಮೊಣಕೈ ಪಕ್ಕೆಗಿಟ್ಟು ಮಡಚಿ, ಮುಂಗೈಯ ಹೊರಬದಿಯಿಂದ ಗೋಡೆಯನ್ನು ಒತ್ತುವುದು. ಪೂರಾ ಶಕ್ತಿ ಬೇಡ, ಮೂರರಲ್ಲಿ ಒಂದು ಪಾಲು ಸಾಕು. ಐದರಿಂದ ಹತ್ತು ಸೆಕೆಂಡು, ಹತ್ತು ಸಲ. ಇದು ನೋವಿಲ್ಲದೆ ಆದ ಮೇಲೆ ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ ಹೊರಕ್ಕೆ, ಒಳಕ್ಕೆ ಎಳೆಯುವುದು. ಮೊಣಕೈಗೂ ಪಕ್ಕೆಗೂ ನಡುವೆ ಸುತ್ತಿದ ಟವೆಲ್ಲು ಇಟ್ಟುಕೊಳ್ಳಬೇಕು. ಅದು ಕೆಳಗೆ ಬಿದ್ದರೆ ಭುಜದ ಬದಲು ಮೈ ತಿರುಗುತ್ತಿದೆ ಎಂದು ಗೊತ್ತಾಗುತ್ತದೆ. ಹತ್ತರಿಂದ ಹದಿನೈದರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಪಟ್ಟಿ ಸಿಗದಿದ್ದರೆ ಸೈಕಲ್ಲಿನ ಹಳೇ ಟ್ಯೂಬು ಉದ್ದಕ್ಕೆ ಸೀಳಿಕೊಂಡರೂ ಆದೀತು. ಆದರೆ ಅದು ಗಡುಸು, ಮೊದಲಿಗೇ ಬೇಡ.

ದೊಡ್ಡ ಹರಿತವಿದ್ದು ಕೈ ಏಳುವುದೇ ಇಲ್ಲ ಎನ್ನುವ ವೃದ್ಧರಿಗೆ ಬೇರೆ ಕ್ರಮವಿದೆ, ಡೆಲ್ಟಾಯ್ಡಿನ ಮುಂಭಾಗವನ್ನು ಪಳಗಿಸುವುದು. ಅಂಗಾತ ಮಲಗಬೇಕು. ಒಳ್ಳೆಯ ಕೈಯಿಂದ ನೋವಿನ ಕೈಯನ್ನು ಎತ್ತಿ, ಬೆರಳು ಸೂರಿನ ಕಡೆ ನೋಡುವಂತೆ ನೇರ ನಿಲ್ಲಿಸಬೇಕು. ಆ ಸ್ಥಿತಿಯಲ್ಲಿ ತೋಳಿನ ಭಾರ ಕೀಲಿನ ಮೇಲೇ ಕೂತಿರುವುದರಿಂದ ಸೋತ ಭುಜವೂ ಅದನ್ನು ಹಿಡಿದು ನಿಲ್ಲಬಲ್ಲದು. ಒಳ್ಳೆಯ ಕೈ ಬಿಟ್ಟು, ನಿಂತ ತೋಳನ್ನು ಮುಂದಕ್ಕೆ ಹಿಂದಕ್ಕೆ ಗೇಣು ಗೇಣು ಆಡಿಸಬೇಕು. ಐದು ನಿಮಿಷ, ದಿನಕ್ಕೆ ಮೂರು ಸಲ. ಹಿಡಿತ ಬಂದಂತೆ ಆಟದ ಅಗಲ ಹೆಚ್ಚಿಸುವುದು, ಆಮೇಲೆ ಕೈಯಲ್ಲಿ ಕಾಲು ಲೀಟರಿನ, ಮುಂದೆ ಅರ್ಧ ಲೀಟರಿನ ನೀರಿನ ಬಾಟಲಿ. ಅದೂ ಸಲೀಸಾದಾಗ ಬೆನ್ನಿಗೆ ದಿಂಬು ಕೊಟ್ಟು ಅರ್ಧ ಒರಗಿ, ಕೊನೆಗೆ ಕುಳಿತು, ನಿಂತು. ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಇಂಗ್ಲೆಂಡಿನ ಒಂದು ಭುಜ ಚಿಕಿತ್ಸಾ ಘಟಕ ಸರಾಸರಿ ಎಂಬತ್ತು ವಯಸ್ಸಿನ 17 ಜನರಲ್ಲಿ ಈ ಕ್ರಮ ಮಾಡಿಸಿದಾಗ, ಮುಂದಕ್ಕೆ ಸರಾಸರಿ 40 ಡಿಗ್ರಿ ಏಳುತ್ತಿದ್ದ ತೋಳು 160ರವರೆಗೆ ಎದ್ದಿತ್ತು. ಗುಂಪು ಸಣ್ಣದು, ಎಲ್ಲರಿಗೂ ಹೀಗೇ ಆಗುತ್ತದೆಂದಲ್ಲ. ಆದರೆ ಕಾಸು ಖರ್ಚಿಲ್ಲದ, ಅಪಾಯವಿಲ್ಲದ ಇಂಥದ್ದನ್ನು ಮಾಡಿ ನೋಡದೆ ಎಂಬತ್ತರವರನ್ನು ಆಪರೇಷನ್ ಥಿಯೇಟರಿಗೆ ಕರೆದೊಯ್ಯುವುದು ಸರಿಯಲ್ಲ.

ಎಷ್ಟು ನೋವು ತಡೆದುಕೊಳ್ಳಬೇಕು? ಹತ್ತಕ್ಕೆ ಮೂರು ನಾಲ್ಕರಷ್ಟು ನೋವಾದರೆ ಅಡ್ಡಿಯಿಲ್ಲ, ಮರುದಿನ ಬೆಳಿಗ್ಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಬಿಡುವುದಲ್ಲ, ಅರ್ಧಕ್ಕೆ ಇಳಿಸುವುದು. ವ್ಯಾಯಾಮ ಸೋಲುವುದು ಹೆಚ್ಚಾಗಿ ಎರಡು ರೀತಿಯಲ್ಲಿ: ಮೂರನೇ ವಾರಕ್ಕೆ ನೋವು ಇಳಿಯಿತೆಂದು ನಿಲ್ಲಿಸಿಬಿಡುವುದು, ಇಲ್ಲವೇ ವ್ಯಾಯಾಮವೂ ನಡೆಯಲಿ, ಹುಲ್ಲುಹೊರೆಯೂ ನಡೆಯಲಿ ಎನ್ನುವುದು. ಆ ಮೂರು ತಿಂಗಳು ಭುಜದ ಮಟ್ಟಕ್ಕಿಂತ ಮೇಲೆ ಭಾರ ಎತ್ತಬಾರದು. ಕೊಡಪಾನ ಮೈಗೆ ಒತ್ತಿ ಹಿಡಿದು ಹೊರಬಹುದು. ಕೈ ಚಾಚಿ ಬಕೆಟ್ಟು ಎತ್ತಬಾರದು.

ಮಾತ್ರೆ, ಇಂಜೆಕ್ಷನ್

ಪ್ಯಾರಾಸಿಟಮಾಲ್ 500 ಅಥವಾ 650 ಮಿ.ಗ್ರಾಂ. ಮೊದಲ ಆಯ್ಕೆ, ವಯಸ್ಸಾದವರಿಗೆ ದಿನಕ್ಕೆ ಒಟ್ಟು 3 ಗ್ರಾಂ ಮೀರದಂತೆ, ಯಕೃತ್ತಿನ ತೊಂದರೆಯಿದ್ದರೆ ಇನ್ನೂ ಕಡಿಮೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವ ಅಭ್ಯಾಸ ನಿಜಕ್ಕೂ ಆತಂಕದ್ದು. ಬಿ.ಪಿ. ಮಾತ್ರೆ, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಮೂತ್ರಪಿಂಡಕ್ಕೂ ಹೊಟ್ಟೆಗೂ ಮಾಡುವ ಹಾನಿ ಭುಜದ ನೋವಿಗಿಂತ ದೊಡ್ಡದು. ಅದೇ ಔಷಧಿಯ ಜೆಲ್ ಹಚ್ಚಿಕೊಳ್ಳುವುದು ಎಷ್ಟೋ ಸುರಕ್ಷಿತ.

ನಿದ್ದೆಗೆಡಿಸುವ ನೋವಿಗೆ ಟೆಂಡನ್ನಿನ ಮೇಲಿನ ಚೀಲಕ್ಕೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಕೊಡುವುದು ಒಪ್ಪಿತವಾದ ಕ್ರಮ. ಸಾಮಾನ್ಯವಾಗಿ ಟ್ರಯಾಮ್ಸಿನೊಲೋನ್ ಅಥವಾ ಮೀಥೈಲ್‌ಪ್ರೆಡ್ನಿಸೊಲೋನ್ 40 ಮಿ.ಗ್ರಾಂ., ಜೊತೆಗೆ ಜೋಮು ಹಿಡಿಸುವ ಔಷಧಿ. ಕೆಲವು ವಾರ ಆರಾಮ ಸಿಗುತ್ತದೆ. ಆ ಆರಾಮವನ್ನು ವ್ಯಾಯಾಮಕ್ಕೆ ಬಳಸಿಕೊಂಡರೆ ಇಂಜೆಕ್ಷನ್ ಸಾರ್ಥಕ; ಗುಣವಾಯಿತೆಂದು ದೋಟಿ ಹಿಡಿದರೆ ನಷ್ಟ. ಪದೇ ಪದೇ ಕೊಡಿಸಿದರೆ ಟೆಂಡನ್ ಇನ್ನಷ್ಟು ಬಡವಾಗುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಕನಿಷ್ಠ ಮೂರು ತಿಂಗಳ ಅಂತರವಿರಲಿ. ಮುಂದೆ ಹೊಲಿಗೆಯ ಯೋಚನೆ ಇದ್ದರೆ ಮೊದಲೇ ಹೇಳಬೇಕು, ಏಕೆಂದರೆ ಇಂಜೆಕ್ಷನ್ ಆದ ಬೆನ್ನಿಗೇ ಶಸ್ತ್ರಚಿಕಿತ್ಸೆಯಾದರೆ ಸೋಂಕಿನ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆಯವರಲ್ಲಿ ಇಂಜೆಕ್ಷನ್ ನಂತರ ಕೆಲವು ದಿನ, ಒಮ್ಮೊಮ್ಮೆ ವಾರದವರೆಗೆ ಸಕ್ಕರೆ ಏರುತ್ತದೆ. ಮನೆಯಲ್ಲಿ ಗ್ಲುಕೋಮೀಟರ್ ಇರಲಿ. ಸ್ವಂತ ರಕ್ತದಿಂದ ತೆಗೆದು ಚುಚ್ಚುವ ಪಿಆರ್‌ಪಿಗೆ ಖರ್ಚಿಗೆ ತಕ್ಕ ಪುರಾವೆ ಇನ್ನೂ ಗಟ್ಟಿಯಾಗಿಲ್ಲ.

ಹೊಲಿಗೆ: ಯಾರಿಗೆ, ಎಲ್ಲಿ ಸೋಲುತ್ತದೆ

ಬಿದ್ದು ಹರಿದುಕೊಂಡವರು, ಮತ್ತು ಹನ್ನೆರಡು ವಾರ ಸರಿಯಾಗಿ ಮಾಡಿಯೂ ನಿದ್ದೆ ಬಾರದವರು ಅಥವಾ ಕೆಲಸ ಮಾಡಲಾಗದವರು, ಹರಿತ ಸಣ್ಣದೋ ಮಧ್ಯಮವೋ ಆಗಿದ್ದು ಸ್ನಾಯುವಿನ ದರ್ಜೆ 2ರೊಳಗಿದ್ದರೆ ಹೊಲಿಗೆ ಒಳ್ಳೆಯ ದಾರಿ. ಆರ್ತ್ರೋಸ್ಕೋಪಿಯಲ್ಲಿ ಪೆನ್ಸಿಲ್ ದಪ್ಪದ ಮೂರು ನಾಲ್ಕು ತೂತುಗಳ ಮೂಲಕ, ದಾರ ಪೋಣಿಸಿದ ಸಣ್ಣ ಆಂಕರುಗಳನ್ನು ಮೂಳೆಗೆ ನೆಟ್ಟು, ಆ ದಾರದಿಂದ ಟೆಂಡನ್ನನ್ನು ಅದರ ಮೂಲ ಜಾಗಕ್ಕೆ ಕಟ್ಟುತ್ತಾರೆ. ಬ್ರಿಟನ್ನಿನಲ್ಲಿ 273 ಜನರಲ್ಲಿ ಹೋಲಿಸಿದಾಗ ತೂತಿನ ವಿಧಾನಕ್ಕೂ ತೆರೆದು ಹೊಲಿಯುವುದಕ್ಕೂ ಫಲಿತಾಂಶದಲ್ಲಿ ಭೇದ ಕಾಣಲಿಲ್ಲ. ‘ಕೀಹೋಲ್’ ಎಂಬ ಮಾತಿಗೆ ಮರುಳಾಗುವುದಕ್ಕಿಂತ ಭುಜದ ಕೆಲಸ ಹೆಚ್ಚು ಮಾಡುವ ಕೈಯನ್ನು ಹುಡುಕುವುದು ಲೇಸು. ಹರಿತ ಹೊಲಿಯದೆ ಮೇಲಿನ ಮೂಳೆಯನ್ನಷ್ಟೇ ಕೆರೆಯುವ ಶಸ್ತ್ರಚಿಕಿತ್ಸೆಯ ಬಗ್ಗೆಯೂ ಕೇಳಿ ತಿಳಿಯಬೇಕು. ಟೆಂಡನ್ ಪೂರ್ತಿ ಹರಿಯದೆ ಬರೀ ನೋವಿರುವವರಲ್ಲಿ, ಒಳಗೆ ಕ್ಯಾಮೆರಾ ಹಾಕಿ ನೋಡಿ ಏನೂ ಮಾಡದೆ ಬಿಟ್ಟದ್ದಕ್ಕಿಂತ ಅದು ಹೆಚ್ಚಿನ ಉಪಕಾರ ಮಾಡಲಿಲ್ಲ ಎಂದು 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗ ತೋರಿಸಿತು.

ಹೊಲಿಗೆ ಬಿಟ್ಟುಕೊಳ್ಳುವುದು ವಯಸ್ಸಾದವರಲ್ಲಿ ದೊಡ್ಡ ತೊಂದರೆ. 2005ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ ಒಟ್ಟಾರೆ ಶೇ. 71ರಷ್ಟು ಹೊಲಿಗೆಗಳು ಕೂಡಿಕೊಂಡಿದ್ದರೆ, 65 ದಾಟಿದವರಲ್ಲಿ ಕೂಡಿದ್ದು ಶೇ. 43 ಮಾತ್ರ. ಸಾಮಾನ್ಯವಾಗಿ ದಾರ ತುಂಡಾಗುವುದಿಲ್ಲ. ಜೀರ್ಣವಾದ ಗೋಣಿಚೀಲಕ್ಕೆ ಹೊಸ ಹುರಿ ಹಾಕಿ ಹೊಲಿದರೆ ಹೇಗೆ ಹುರಿ ಗಟ್ಟಿಯಿದ್ದು ಗೋಣಿಯೇ ಸೀಳುತ್ತದೋ, ಹಾಗೆ ದಾರ ಟೆಂಡನ್ನನ್ನು ಕೊಯ್ದುಕೊಂಡು ಬರುತ್ತದೆ. ಮೂಳೆ ಟೊಳ್ಳಾಗಿದ್ದರೆ ಆಂಕರ್ ಕಿತ್ತು ಬರುತ್ತದೆ. ಬೀಡಿ, ಹತೋಟಿಯಿಲ್ಲದ ಸಕ್ಕರೆ ಇವೆರಡೂ ಕೂಡಿಕೊಳ್ಳುವುದನ್ನು ತಡೆಯುತ್ತವೆ. ಬೀಡಿ ಬಿಟ್ಟು, ಮೂರು ತಿಂಗಳ ಸರಾಸರಿ ಸಕ್ಕರೆ ಹತೋಟಿಗೆ ಬಂದ ಮೇಲೆ ತಾರೀಖು ಗೊತ್ತುಮಾಡುವುದು ಉತ್ತಮ. ಸಮಾಧಾನದ ಸಂಗತಿಯೆಂದರೆ ಹೊಲಿಗೆ ಬಿಟ್ಟರೂ ಬಹಳಷ್ಟು ಮಂದಿಗೆ ನೋವು ಕಡಿಮೆಯಾಗಿಯೇ ಇರುತ್ತದೆ, ಬಲ ಮಾತ್ರ ಪೂರ್ತಿ ಬರುವುದಿಲ್ಲ.

ಅರಿವಳಿಕೆಯ ಮಾತೂ ಒಂದಿದೆ. ನೋವು ತಡೆಯಲು ಕುತ್ತಿಗೆಯ ಬುಡದಲ್ಲಿ ಕೊಡುವ ಬ್ಲಾಕ್ (ನರವನ್ನು ಜೋಮು ಹಿಡಿಸುವ ಇಂಜೆಕ್ಷನ್) ಆ ಬದಿಯ ವಪೆಯನ್ನು, ಅಂದರೆ ಉಸಿರಾಟದ ಸ್ನಾಯುವನ್ನು, ಕೆಲವು ಗಂಟೆ ಸ್ತಬ್ಧಗೊಳಿಸಬಹುದು. ದಮ್ಮಿನವರು, ಬೀಡಿಯಿಂದ ಶ್ವಾಸಕೋಶ ಸೋತವರು ಅರಿವಳಿಕೆ ತಜ್ಞರಿಗೆ ಇದನ್ನು ಮುಂಚೆಯೇ ಹೇಳಲೇಬೇಕು.

ಹರಿತ ಬೃಹತ್ತಾಗಿ, ಕೊಬ್ಬು ತುಂಬಿ, ಚೆಂಡು ಮೇಲಕ್ಕೆ ಜಾರಿ, ಕೀಲೂ ಸವೆದಿದ್ದರೆ ಹೊಲಿಯಲು ಹೋಗಬಾರದು. ಅಲ್ಲಿ ಎರಡು ದಾರಿ. ನೋವಷ್ಟೇ ದೊಡ್ಡದಾಗಿದ್ದು ಕೈ ಏಳುತ್ತಿದ್ದರೆ, ಬೈಸೆಪ್ಸಿನ ಸವೆದ ಉದ್ದ ಟೆಂಡನ್ನನ್ನು ಕತ್ತರಿಸಿಬಿಡುವ ಸಣ್ಣ ಕೆಲಸದಿಂದಲೂ ನೋವು ಇಳಿಯುತ್ತದೆ. ರಟ್ಟೆಯಲ್ಲಿ ಗಂಟಿನಂತೆ ಉಬ್ಬು ಕಾಣಬಹುದು, ಅಷ್ಟೇ. ಕೈ ಏಳುವುದೇ ಇಲ್ಲ ಎಂದಾದರೆ ರಿವರ್ಸ್ ಶೋಲ್ಡರ್ ರಿಪ್ಲೇಸ್‌ಮೆಂಟ್. ಫ್ರಾನ್ಸಿನ ದಿಜಾನ್ ನಗರದ ಪಾಲ್ ಗ್ರಾಮೊಂ 1985ರಲ್ಲಿ ರೂಪಿಸಿದ ಈ ಕೀಲಿನಲ್ಲಿ ಚೆಂಡು ತಟ್ಟೆಯ ಜಾಗಕ್ಕೆ, ತಟ್ಟೆ ಚೆಂಡಿನ ಜಾಗಕ್ಕೆ ಬರುತ್ತದೆ. ಕೀಲಿನ ಕೇಂದ್ರ ಒಳಕ್ಕೂ ಕೆಳಕ್ಕೂ ಸರಿಯುವುದರಿಂದ ಡೆಲ್ಟಾಯ್ಡಿಗೆ ಸನ್ನೆಗೋಲಿನ ಉದ್ದ ಹೆಚ್ಚಿ, ಟೆಂಡನ್ ಇಲ್ಲದೆಯೂ ತೋಳು ಏಳುತ್ತದೆ. ಅದಕ್ಕೇ ಡೆಲ್ಟಾಯ್ಡ್ ಮತ್ತು ಅದರ ನರ ಸರಿಯಿರಲೇಬೇಕು. ಸಾಮಾನ್ಯವಾಗಿ 65–70 ದಾಟಿದವರಿಗೆ ಮಾತ್ರ. ಕೀಲು ತಪ್ಪುವುದು, ಸೋಂಕು, ಭುಜದ ತುದಿಯ ಮೂಳೆ ಬಿರುಕುಬಿಡುವುದು ಇದರ ಅಪಾಯಗಳು. ಅಡಿಕೆ ಮೂಟೆ ಹೊರುವ ಕೆಲಸಕ್ಕೆ ಮರಳುವಂತಿಲ್ಲ. ಭುಜದ ಸಂದಿಗೆ ಬಲೂನು ಇಡುವ ವಿಧಾನವೂ ಪ್ರಚಾರದಲ್ಲಿದೆ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವನ್ನು, ಬಲೂನು ಹಾಕಿದವರ ಸ್ಥಿತಿ ಹಾಕದವರಿಗಿಂತ ಉತ್ತಮವಿಲ್ಲವೆಂದು ನಡುವೆಯೇ ನಿಲ್ಲಿಸಬೇಕಾಯಿತು.

ಖರ್ಚಿನ ವಿಷಯ ಆಪರೇಷನ್ ಗೊತ್ತುಮಾಡುವ ಮುನ್ನ ಇತ್ಯರ್ಥವಾಗಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷ ರೂ. ವರೆಗೆ ನೆರವಿದೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ಮೊದಲು ತೋರಿಸಿ, ಬೇರೆಡೆಗೆ ಹೋಗುವುದಿದ್ದರೆ ರೆಫರಲ್ ಚೀಟಿ ಪಡೆಯಬೇಕು. ಹೋಗುವ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಬಳಿ ಎರಡು ಪ್ರಶ್ನೆ ಕೇಳಬೇಕು: ಈ ಶಸ್ತ್ರಚಿಕಿತ್ಸೆಯ ಕೋಡ್ ಯೋಜನೆಯಲ್ಲಿ ಇದೆಯೇ, ಆಂಕರ್ ಅಥವಾ ಕೃತಕ ಕೀಲಿನ ಬೆಲೆ ಅದರೊಳಗೆ ಸೇರಿದೆಯೇ? ಒಂದು ಹೊಲಿಗೆಗೆ ಎರಡರಿಂದ ನಾಲ್ಕು ಆಂಕರ್ ಬೇಕಾಗಬಹುದು, ಬಿಲ್ಲು ಬೆಳೆಯುವುದು ಅಲ್ಲೇ.

ಸವೆದು ಹರಿದದ್ದನ್ನು ಹೊಲಿಸುವುದೇ ಎಂದಾದರೆ ತಿಂಗಳು ಆರಿಸಿಕೊಳ್ಳುವ ಸೌಲಭ್ಯವಿದೆ. ಕೊಯ್ಲು ಮುಗಿದ ಫೆಬ್ರವರಿ, ಮಾರ್ಚ್ ಮಲೆನಾಡಿನವರಿಗೆ ಅನುಕೂಲ. ಮೊದಲ ನಾಲ್ಕರಿಂದ ಆರು ವಾರ ಸ್ಲಿಂಗ್. ಬೆರಳು, ಮಣಿಕಟ್ಟು, ಮೊಣಕೈ ಆಡಿಸುತ್ತಿರಬೇಕು, ಭುಜವನ್ನು ಫಿಸಿಯೋಥೆರಪಿಸ್ಟರು ಹೇಳಿದಷ್ಟೇ ಒಳ್ಳೆಯ ಕೈಯಿಂದ ಆಡಿಸಬೇಕು. ಆರು ವಾರದ ಮೇಲೆ ಆಸರೆಯಿಂದ, ಆಮೇಲೆ ಸ್ವಂತವಾಗಿ ಎತ್ತುವುದು. ಹನ್ನೆರಡು ವಾರ ಕಳೆದ ಮೇಲೆ ರಬ್ಬರ್ ಪಟ್ಟಿ. ಹೊಲಿಗೆ ಬಿಡುವುದು ಹೆಚ್ಚಾಗಿ ಮೊದಲ ಮೂರು ನಾಲ್ಕು ತಿಂಗಳಲ್ಲಿ, ನೋವು ಹೋಗಿ ಧೈರ್ಯ ಬಂದ ಹೊತ್ತಿಗೆ. ಮಾರ್ಚಿನಲ್ಲಿ ಆದವರಿಗೆ ಅದು ಸರಿಯಾಗಿ ಮಳೆ ಹಿಡಿದು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಕಾಲ. ಆಗ ಪೈಪು ಹಿಡಿಯುವುದಿರಲಿ, ಜಾರುವ ಅಂಗಳಕ್ಕೆ ಅಡಿಕೆ ದಬ್ಬೆ ಹಾಸದೆ ಇಳಿಯುವುದೂ ಬೇಡ. ಆರು ತಿಂಗಳು ತುಂಬಿ ಗೊನೆಕೊಯ್ಲು ಬರುವ ವೇಳೆಗೆ ಕುಳಿತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯಬಹುದು, ಒಣಗಿದ್ದನ್ನು ಆರಿಸಬಹುದು. ಮರದ ಬುಡದಲ್ಲಿ ನಿಂತು, ಗೊನೆ ಜಾರಿ ಬರುವ ಹಗ್ಗವನ್ನು ಜಗ್ಗಿ ಹಿಡಿಯುವ ಕೆಲಸವನ್ನು ಮಾತ್ರ ಆ ವರ್ಷ ಬೇರೆಯವರಿಗೆ ಬಿಡಬೇಕು.